ರಸಲ್ ಸ್ಟ್ರೀಟಿನಲ್ಲಿ ಕೆ-ಸ್ವಿಫ್ಟ್

ಅಮೆರಿಕದ ವಾಷಿಂಗ್ಟನ್‌ನಲ್ಲಿ ಮಾರ್ಕ್ ಎಂಬ ಲೋಕಲ್ ರೈಲು ಹತ್ತಿದರೆ ಬಾಲ್ಟಿಮೋರಿಗೆ ಸುಮಾರು ಒಂದು ತಾಸು. ಊರಿಗೆ ಬರುವವರು ಸಾಮಾನ್ಯವಾಗಿ ಬಂದರಿನ ಕಡೆಗೆ ಹೋಗುತ್ತಾರೆ. ನಾನು ಹೋದದ್ದು ರಸಲ್ ಸ್ಟ್ರೀಟಿಗೆ, 2016ರಲ್ಲಿ ಬಾಗಿಲು ಮುಚ್ಚಿದ ಪ್ಯಾರಡಾಕ್ಸ್ ಎಂಬ ಕ್ಲಬ್ ಇದ್ದ ಜಾಗ ನೋಡಲು.

ಡಿಜೆ ಕಿಯಾ ಎಡ್ಜರ್ಟನ್ ಹಾಡು ಹಾಕಿ ಜನರನ್ನು ಕುಣಿಸುತ್ತಿದ್ದದ್ದು ಇಲ್ಲಿ. ಊರಿಗೆಲ್ಲ ಆಕೆ ಕೆ-ಸ್ವಿಫ್ಟ್, 'ಕ್ಲಬ್ ಕ್ವೀನ್'. ಫುಟ್‌ಬಾಲ್ ಸ್ಟೇಡಿಯಂ ಪಕ್ಕದ ಈ ಅಗಲ ರಸ್ತೆಯಲ್ಲಿ ಲಾರಿಗಳದ್ದೇ ಸದ್ದು. ಅದರ ನಡುವೆಯೇ ನಿಂತು ಇಯರ್‌ಫೋನಿನಲ್ಲಿ ಆಕೆಯ ಒಂದು ಮಿಕ್ಸ್, ಅಂದರೆ ಒಂದಕ್ಕೊಂದು ಬೆಸೆದ ಹಾಡುಗಳ ಸರಣಿ, ಹಾಕಿಕೊಂಡೆ.

ಬಾಲ್ಟಿಮೋರ್ ಕ್ಲಬ್ ಸಂಗೀತದ ಓಟ ನಿಮಿಷಕ್ಕೆ ಸುಮಾರು 130 ಬೀಟ್. ಲಿನ್ ಕಾಲಿನ್ಸ್ 1972ರಲ್ಲಿ ಹಾಡಿದ ಹಾಡೊಂದರ ಕೆಲವೇ ಕ್ಷಣಗಳ ಡ್ರಮ್ ತುಣುಕನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಸುತ್ತಿ ಸುತ್ತಿ ನುಡಿಸುತ್ತಾರೆ. ಕೆಳಗೆ ಎದೆಗೇ ಬಡಿಯುವ ಬೇಸ್, ಮೇಲೆ ಒಂದೆರಡು ಮಾತಿನ ಕೂಗು. ಅಷ್ಟೇ. ಆದರೆ ಕಾಲು ಸುಮ್ಮನಿರುವುದಿಲ್ಲ.

ಇದನ್ನು ಹುಟ್ಟಿಸಿದವರು ಫ್ರಾಂಕ್ ಸ್ಕಿ, ಸ್ಕಾಟಿ ಬಿ ಮೊದಲಾದ ಡಿಜೆಗಳು. ರಾತ್ರಿಯ ಕ್ಲಬ್ಬಿನಿಂದ ಮನೆಮನೆಗೆ ತಲುಪಿಸಿದ್ದರಲ್ಲಿ ಕೆ-ಸ್ವಿಫ್ಟ್ ಪಾಲು ಬಹಳ ದೊಡ್ಡದು ಎನ್ನುತ್ತೇನೆ ನಾನು. ಕ್ಲಬ್ಬಿನೊಳಗೆ ಹೋಗುವ ವಯಸ್ಸಾಗದ ಮಕ್ಕಳಿಗೂ 92ಕ್ಯೂ ರೇಡಿಯೊದಲ್ಲಿ ಈಕೆ ಸಿಗುತ್ತಿದ್ದಳು; 'ಜಂಪ್ ಆಫ್' ಮಿಕ್ಸ್ ಸಿಡಿಗಳಲ್ಲೂ ಸಿಗುತ್ತಿದ್ದಳು. ಡಿಜೆ ಮೇಜಿನ ಹಿಂದೆ ಗಂಡಸರೇ ತುಂಬಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಇಡೀ ಊರಿಗೆ ತಾಳ ಹಾಕಿದಳು.

2008ರ ಜುಲೈ 21ರಂದು ಮನೆಯ ಈಜುಕೊಳದಲ್ಲಿ ಆದ ಅವಘಡದಲ್ಲಿ ತೀರಿಹೋದಳು. ಇಪ್ಪತ್ತೊಂಬತ್ತು ವರ್ಷ. ಅದು ಸಾಯುವ ವಯಸ್ಸೇ?

ಮಧ್ಯಾಹ್ನ ಸಾಲುಮನೆಗಳ ಬೀದಿಗಳಲ್ಲಿ ಅಡ್ಡಾಡಿದೆ. ಇಟ್ಟಿಗೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಾಗಿಲ ಮುಂದೆ ಬಿಳಿ ಅಮೃತಶಿಲೆಯ ಮೆಟ್ಟಿಲು, ತುಳಿದು ತುಳಿದು ನಡುವೆ ತಗ್ಗಾಗಿದೆ. ಒಂದು ಮೆಟ್ಟಿಲ ಮೇಲೆ ಪುಟ್ಟ ಸ್ಪೀಕರ್ ಇಟ್ಟುಕೊಂಡು ಇಬ್ಬರು ಹುಡುಗಿಯರು ಹೆಜ್ಜೆ ಕಲಿಯುತ್ತಿದ್ದರು. ದೊಡ್ಡವಳು ಹಿಮ್ಮಡಿ ತಿರುಗಿಸಿ ತೋರಿಸಿದಳು. ಚಿಕ್ಕವಳಿಗೆ ಬರಲಿಲ್ಲ. ಹಾಡು ಮೊದಲಿಂದ ಹಾಕಿದರು. ಅದೇ ಡ್ರಮ್ ತುಣುಕು! ನಿಂತುಬಿಟ್ಟೆ.

ಸಂಜೆ ರೈಲಿನಲ್ಲಿ ಮತ್ತೆ ಅದೇ ಮಿಕ್ಸ್. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಬೆಸುಗೆ ಹಿಡಿಯಬೇಕೆಂದು ಹಿಂದಕ್ಕೆ ಸರಿಸಿ ಸರಿಸಿ ಕೇಳಿದೆ. ಮೂರನೇ ಸಲವೂ ಸಿಗಲಿಲ್ಲ. ಅಷ್ಟರಲ್ಲಿ ವಾಷಿಂಗ್ಟನ್‌ನ ಯೂನಿಯನ್ ಸ್ಟೇಷನ್ ಬಂತು.