ಬೇಲೂರು ಹಳೇಬೀಡು ತಾಳ

ಹಾಸನ, 13 ಜುಲೈ 2025, ಭಾನುವಾರ

ಆಷಾಢದ ಗಾಳಿ, ಜೊತೆಗೆ ಬೆಳಗಿನಿಂದ ಸೋನೆ ಮಳೆ. ಇವತ್ತು ಯಾರು ಬರುತ್ತಾರೆ ಅಂದುಕೊಂಡೇ ಸಮುದಾಯ ಭವನದ ಬೀಗ ತೆಗೆದೆ. ಹತ್ತು ಗಂಟೆ ಹೊತ್ತಿಗೆ ಬಾಗಿಲಲ್ಲಿ ಒದ್ದೆ ಛತ್ರಿಗಳ ಸಾಲು. ಸ್ವೆಟರ್, ಕುಲಾವಿ ಹಾಕಿಕೊಂಡ ಮಕ್ಕಳು, ಚೀಲ ಹೊತ್ತ ಅಪ್ಪ ಅಮ್ಮಂದಿರು, ಇಬ್ಬರು ಅಜ್ಜಿಯರು, ಒಬ್ಬರು ತಾತ. ಜಮಖಾನ ಸಾಲದೆ ಪಕ್ಕದ ಮನೆಯಿಂದ ಚಾಪೆ ತರಿಸಿದೆ.

ಹೊಸಬರು ಬಂದಾಗ ನಾನು ಹೇಳುವ ಮಾತು ಒಂದೇ. ಮಕ್ಕಳ ಸಂಗೀತ ತರಗತಿ ಅಂತ ಬೋರ್ಡ್ ಇದ್ದರೂ ಇಲ್ಲಿ ಹಾಡಬೇಕಾದವರು ದೊಡ್ಡವರು. ನಾನು ಮಕ್ಕಳಿಗೆ ಸಿಗುವುದು ವಾರಕ್ಕೆ ಮುಕ್ಕಾಲು ಗಂಟೆ. ದಿನವಿಡೀ ಅವರ ಕಿವಿಗೆ ಬೀಳುವುದು ಮನೆಯವರ ದನಿ. ಆ ದನಿಯಲ್ಲಿ ಹಾಡಿದ್ದರೆ ಮಗುವಿನಲ್ಲೂ ಹಾಡು ಬರುತ್ತದೆ. ಬಾಗಿಲ ಹತ್ತಿರ ಒಂದು ಬುಟ್ಟಿ ಇಟ್ಟಿದ್ದೇನೆ, ಫೋನುಗಳೆಲ್ಲ ಅದಕ್ಕೆ. ವಿಡಿಯೋ ಮಾಡುತ್ತ ಕೂತರೆ ಅಮ್ಮನ ಮುಖ ಫೋನಿನ ಹಿಂದೆ ಹೋಗಿಬಿಡುತ್ತದೆ. ಮಗುವಿಗೆ ಬೇಕಾಗಿರುವುದು ಆ ಮುಖವೇ ಅಲ್ವಾ?

ಇವತ್ತು ಮೊದಲ ಸಲ ಬಂದವರಲ್ಲಿ ಒಬ್ಬರು ಬಸ್ ಕಂಡಕ್ಟರ್. ಹೆಂಡತಿಗೆ ಭಾನುವಾರವೂ ಕೆಲಸವಂತೆ, ಇವರಿಗೆ ವಾರದ ರಜೆ. ಎರಡೂವರೆ ವರ್ಷದ ಮಗಳನ್ನು ಮುಂದೆ ಕೂರಿಸಿ ತಾವು ಗೋಡೆಗೆ ಒರಗಿ ಕೂತರು. "ನಂಗೆ ಹಾಡೋಕೆ ಬರಲ್ಲ ಮೇಡಂ. ಇವಳಿಗೆ ಹೇಳ್ಕೊಡಿ, ನಾನು ಸುಮ್ನೆ ಕೂತಿರ್ತೀನಿ" ಅಂದರು. ಈ ಮಾತು ನನಗೆ ಹೊಸದಲ್ಲ. ವಿಚಾರಿಸಿ ನೋಡಿದರೆ ಎಷ್ಟೋ ಜನರಿಗೆ ಶಾಲೆಯಲ್ಲಿ ಯಾರೋ "ನೀನು ಹಿಂದೆ ನಿಂತ್ಕೋ, ಬಾಯಿ ಮಾತ್ರ ಆಡಿಸು" ಅಂದಿರುತ್ತಾರೆ. ಆ ಒಂದು ಮಾತಿಗೆ ಅರ್ಧ ಆಯಸ್ಸು ಹಾಡದೆ ಕಳೆದವರಿದ್ದಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

"ಸ್ಟ್ಯಾಂಡಲ್ಲಿ ಜನರನ್ನ ಹೇಗೆ ಕರೀತೀರಿ?" ಅಂತ ಕೇಳಿದೆ. ನಾಚಿಕೊಂಡರು. ಪಕ್ಕದ ಅಜ್ಜಿ "ಕೂಗಪ್ಪ, ನಮಗೇನು ಗೊತ್ತಿಲ್ವಾ" ಅಂದ ಮೇಲೆ ಶುರು ಮಾಡಿದರು. "ಬೇಲೂರು ಹಳೇಬೀಡು, ಬೇಲೂರು ಹಳೇಬೀಡು, ಬೇಲೂರು ಹಳೇಬೀಡೂ..."

ಅದು ಹಾಡೇ. ಪೂರ್ತಿ ಒಂದೇ ಸ್ವರದ ಮೇಲೆ ನಿಂತಿತ್ತು, ಕೂದಲೆಳೆಯಷ್ಟೂ ಕದಲಲಿಲ್ಲ. ಕೊನೆಯ "ಡೂ" ಮಾತ್ರ ಪಂಚಮದಿಂದ ಗಾಂಧಾರಕ್ಕೆ, ಅಂದರೆ ಪ ಸ್ವರದಿಂದ ಗ ಸ್ವರಕ್ಕೆ ಇಳಿದ ಹಾಗೆ ಇಳಿಯಿತು. ಇನ್ನು ಲಯ ನೋಡಿ. ಅಕ್ಷರಕ್ಕೊಂದು ಎಣಿಕೆ ಹಾಕಿದರೆ ಬೇಲೂರು ಮೂರು, ತಕಿಟ. ಹಳೇಬೀಡು ನಾಲ್ಕು, ತಕದಿಮಿ. ಎರಡೂ ಸೇರಿದರೆ ಏಳು, ಮಿಶ್ರ ಛಾಪು. ಕಛೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತವರೂ ಲೆಕ್ಕ ತಪ್ಪುವ ತಾಳ ಅದು. ಇವರು ದಿನಾ ಫುಟ್‌ಬೋರ್ಡ್ ಮೇಲೆ ನಿಂತು ಅದನ್ನೇ ಹಾಕುತ್ತಿದ್ದಾರೆ.

ಅಲ್ಲಿಂದ ತರಗತಿ ಅವರ ಕೈಗೆ ಹೋಯಿತು. ಬೇಲೂರಿಗೆ ತೊಡೆಯ ಮೇಲೆ ಒಂದು ತಟ್ಟು, ಹಳೇಬೀಡಿಗೆ ಎರಡು ಚಪ್ಪಾಳೆ. ಕೈಗೂಸುಗಳನ್ನು ಮಡಿಲಲ್ಲಿಟ್ಟುಕೊಂಡವರು ಮೆಲ್ಲಗೆ ಮಂಡಿ ಕುಣಿಸಿದರೆ ಸಾಕು. ಅವರು "ಹೋಲ್ಡಾನ್" ಅಂದ ತಕ್ಷಣ ಎಲ್ಲರೂ ಗಪ್‌ಚಿಪ್. "ರೈಟ್ ರೈಟ್" ಅಂದರೆ ಮತ್ತೆ ಹೊರಡಬೇಕು. ಮಕ್ಕಳಿಗೆ ಹಾಡು ನಿಲ್ಲುವ ಗಳಿಗೆ ಅಂದರೆ ಪ್ರಾಣ. ಮುಂದೇನಾಗುತ್ತದೆ ಅಂತ ಕಾಯುವುದನ್ನು ಅವರು ಕಲಿಯುವುದೇ ಅಲ್ಲಿ. ಆ ಪುಟ್ಟ ಹುಡುಗಿ ಮೊದಲು ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಅವರ ತೊಡೆ ಹತ್ತಿದಳು. ಅಂಗೈಯನ್ನು ಅವರ ಗಂಟಲ ಮೇಲೆ ಒತ್ತಿಟ್ಟುಕೊಂಡಳು. ದನಿ ಬರುವಾಗ ಗಂಟಲು ಅದುರುತ್ತದೆ, ಹೋಲ್ಡಾನ್ ಅಂದಾಗ ನಿಲ್ಲುತ್ತದೆ. ಅದು ಗೊತ್ತಾದ ಮೇಲೆ ಕೈ ತೆಗೆಯಲೇ ಇಲ್ಲ. ಬಸ್ಸು ಬೇಲೂರು ತಲುಪುವವರೆಗೂ ಕೈ ಅಲ್ಲೇ ಇತ್ತು.

ಆ ಪಂಚಮ, ಗಾಂಧಾರದ ವಿಷಯ ಇನ್ನೊಂದಿಷ್ಟು ಬರೆಯಬೇಕು. ಮಕ್ಕಳು ದೂರದಿಂದ "ಅಮ್ಮಾ" ಅಂತ ಎಳೆದು ಕರೆಯುವಾಗಲೂ ಎಷ್ಟೋ ಸಲ ಇದೇ ಇಳಿತ ಕೇಳಿಸುತ್ತದೆ. ಹಂಗೇರಿಯ ಸಂಗೀತ ಸಂಯೋಜಕ ಝೋಲ್ತಾನ್ ಕೊಡಾಯ್ (1882–1967) ಅವರ ಹೆಸರಿನ ಬೋಧನಾ ಪದ್ಧತಿ ಎಳೆಯರಿಗೆ ಮೊದಲು ಹಾಡಿಸುವುದೂ ಈ ಎರಡು ಸ್ವರಗಳನ್ನೇ. ನಮಗೆ ಇದು ಮೋಹನ ರಾಗದಲ್ಲಿ ಸಲೀಸಾಗಿ ಸಿಗುತ್ತದೆ. ಸ ರಿ ಗ ಪ ದ, ಐದೇ ಸ್ವರ. ಒಂದಕ್ಕೊಂದು ತೀರಾ ಅಂಟಿಕೊಂಡ ಸ್ವರಗಳಿಲ್ಲ, ಹಾಗಾಗಿ ಮಗುವಿನ ದನಿ ಹೇಗೆ ಜಾರಿದರೂ ಕಿವಿಗೆ ಹಿತವಾಗಿಯೇ ಇರುತ್ತದೆ. ನಮ್ಮ ತರಗತಿ ಶುರುವಾಗುವುದೇ ಒಂದೊಂದು ಮಗುವಿನ ಹೆಸರನ್ನು ಪ, ಗ ಮೇಲೆ ಕರೆಯುವುದರಿಂದ.

ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಸ್ವರದ ಎತ್ತರ, ಮಾತ್ರ ನಾನು ಬಿಟ್ಟುಕೊಡದ ವಿಷಯ. ಹೆಂಗಸರು ಸಾಮಾನ್ಯವಾಗಿ ಹಾಡುವುದು ಹಾರ್ಮೋನಿಯಂನ ಐದನೇ ಮನೆಯ ಆಸುಪಾಸಿನ ಶ್ರುತಿಗೆ. ಅಲ್ಲಿನ ಷಡ್ಜ, ಅಂದರೆ ಸ, ಪುಟ್ಟ ಮಕ್ಕಳಿಗೆ ತೀರಾ ಕೆಳಗೆ. ಅವರು ದನಿ ತಗ್ಗಿಸಿ ತಗ್ಗಿಸಿ ಕೊನೆಗೆ ಮಾತಾಡುವುದಕ್ಕೆ ಶುರು ಮಾಡುತ್ತಾರೆ. ಆಗ ನಾವು "ಇವನಿಗೆ ಸ್ವರ ಬರಲ್ಲ" ಅಂದುಬಿಡುತ್ತೇವೆ! ಅದಕ್ಕೇ ಇಲ್ಲಿ ತಂಬೂರಿ ಅದಕ್ಕಿಂತ ಮೇಲಿನ ಸ್ಥಾಯಿಯ ಒಂದನೇ ಮನೆಗೆ ಏರುತ್ತದೆ. ಹಾಡೆಲ್ಲ ಷಡ್ಜದಿಂದ ಧೈವತದ (ದ) ಒಳಗೇ ಮುಗಿಯುತ್ತದೆ. ಅಪ್ಪಂದಿರ ದನಿ ಒಂದು ಸ್ಥಾಯಿ ಕೆಳಗಿರುತ್ತದೆ. ಪರವಾಗಿಲ್ಲ, ಪಕ್ಕದಲ್ಲಿ ಅಮ್ಮಂದಿರು ಇರುತ್ತಾರೆ. ಅಪ್ಪನ ಎದೆಗೆ ಒರಗಿ ಕೂತ ಮಗುವಿಗೆ ಆ ದನಿ ಬೆನ್ನಲ್ಲೂ ಕೇಳಿಸುತ್ತದೆ.

ಬಾಣಂತನಕ್ಕೆ ತವರಿಗೆ ಬಂದಿರುವ ಒಬ್ಬರು ಐದು ತಿಂಗಳ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದಿದ್ದರು. "ಇದಕ್ಕೆ ಏನು ಅರ್ಥ ಆಗುತ್ತೆ ಮಿಸ್, ನಾನು ಬೇಜಾರಿಗೆ ಬಂದೆ" ಅಂದರು. ನನಗೆ ಗೊತ್ತಿರುವ ಎರಡು ಸಂಗತಿ ಹೇಳಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಹಂಗೇರಿಯಲ್ಲಿ ನಿದ್ದೆಯಲ್ಲಿದ್ದ ನವಜಾತ ಶಿಶುಗಳಿಗೆ ಡ್ರಮ್ ಲಯ ಕೇಳಿಸಿ ಮಿದುಳಿನ ಅಲೆಗಳನ್ನು ದಾಖಲಿಸಿದ್ದರು. ಲಯದ ಪ್ರತಿ ಸುತ್ತಿನ ಮೊದಲ ಗಟ್ಟಿ ಪೆಟ್ಟು ಬಿಟ್ಟುಹೋದಾಗ ಮಿದುಳು ಅದನ್ನು ಗುರುತಿಸಿತ್ತು. 2015ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ವರ್ಷದೊಳಗಿನ ಮಕ್ಕಳಿಗೆ ಅವರು ಹಿಂದೆಂದೂ ಕೇಳದ ತುರ್ಕಿ ಭಾಷೆಯ ಹಾಡು ಕೇಳಿಸಿದರು. ಮಾತು ಕೇಳಿಸಿಕೊಂಡಾಗ ಇದ್ದುದಕ್ಕಿಂತ ಸುಮಾರು ಎರಡರಷ್ಟು ಹೊತ್ತು ಆ ಮಕ್ಕಳು ಅಳದೆ ಇದ್ದವು. ಗೊತ್ತಿಲ್ಲದ ಭಾಷೆಯ ಹಾಡಿಗೇ ಇಷ್ಟಾದರೆ, ಹೊಟ್ಟೆಯೊಳಗಿದ್ದಾಗಿನಿಂದ ಕೇಳಿದ ಅಮ್ಮನ ದನಿಗೆ ಎಷ್ಟಾಗಬೇಡ? ಆಕೆ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕೂಸಿನ ನೆತ್ತಿಗೆ ತುಟಿ ತಾಗಿಸಿಕೊಂಡು ಗುನುಗುತ್ತಿದ್ದರು.

ಮಕ್ಕಳು ಅಲ್ಲಾಡಿಸುವ ರಾಗಿ ಬಾಟಲಿಗಳು ಎಂದಿನ ಹಾಗೆ ಖುಷಿ ಕೊಟ್ಟವು. ಒಂದರಲ್ಲಿ ರಾಗಿ, ಒಂದರಲ್ಲಿ ಜೋಳ, ಒಂದರಲ್ಲಿ ಅವರೆಕಾಳು, ಮೂರಕ್ಕೂ ಬೇರೆ ಬೇರೆ ಸದ್ದು. ಮನೆಯಲ್ಲಿ ಮಾಡುವವರು ಮುಚ್ಚಳಕ್ಕೆ ಅಂಟು ಹಾಕಿ ಮೇಲೆ ಟೇಪು ಸುತ್ತಲೇಬೇಕು. ಕಾಳು ಆಚೆ ಬಂದರೆ ನೇರ ಬಾಯಿಗೆ ಹೋಗುತ್ತದೆ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೂರು ವರ್ಷದ ಒಬ್ಬ ಹುಡುಗ ಬರುತ್ತಿರುವಾಗಿನಿಂದ ಇಲ್ಲಿ ಒಂದು ಸ್ವರವನ್ನೂ ಹಾಡಿಲ್ಲ. ಬಾಯಲ್ಲಿ ಹೆಬ್ಬೆರಳು, ಕಣ್ಣು ನನ್ನ ಮೇಲೆ. ಅವನ ಅಮ್ಮನಿಗೆ ಚಿಂತೆ. ಆದರೆ ಮನೆಯಲ್ಲಿ ಸ್ನಾನ ಮಾಡಿಸುವಾಗ ಇಲ್ಲಿನ ಹಾಡನ್ನೆಲ್ಲ ಹಾಡುತ್ತಾನಂತೆ. ಇಂಥ ಮಕ್ಕಳು ತುಂಬಾ ಜನ ಇದ್ದಾರೆ. ಇಲ್ಲಿ ತುಂಬಿಕೊಳ್ಳುತ್ತಾರೆ, ಮನೆಯಲ್ಲಿ ಹೊರಗೆ ತೆಗೆಯುತ್ತಾರೆ. "ಹಾಡು, ಹಾಡು" ಅಂತ ತಿವಿಯಬೇಡಿ ಅಂತ ಅವರಿಗೆ ಮತ್ತೆ ಹೇಳಿದೆ. ಕೊನೆಯಲ್ಲಿ ಎಲ್ಲರೂ ಗ ರಿ ಅಂತ ಇಳಿದು ಬಂದು, ಷಡ್ಜ ಹಾಡದೆ ನಿಲ್ಲುವ ಒಂದು ಆಟ ಆಡುತ್ತೇವೆ. ಹಾಲ್ ಪೂರ್ತಿ ಕಾಯುತ್ತದೆ. ಇವತ್ತು ಆ ಹುಡುಗನ ಹೆಬ್ಬೆರಳು ಬಾಯಿಂದ ಆಚೆ ಬಂತು. ಸ್ವರ ಬರಲಿಲ್ಲ, ತುಟಿ ಮಾತ್ರ "ಸಾ" ಅಂತ ತೆರೆಯಿತು. ಅವನ ಪಾಲಿನ ಷಡ್ಜವನ್ನು ಒಂದೂಕಾಲು ವರ್ಷದ ಇನ್ನೊಂದು ಮಗು ಎಲ್ಲಿಂದಲೋ ಜೋರಾಗಿ ಹಾಕಿತು, ಸರಿಯಾದ ಶ್ರುತಿಗೆ! ಎಲ್ಲರೂ ನಕ್ಕರು. ಆ ಹುಡುಗನೂ ನಕ್ಕ.

ಅರಕಲಗೂಡು ಕಡೆಯ ಅಜ್ಜಿ ಒಬ್ಬರಿಗೆ ತ್ರಿಪದಿಗಳು ಕಂಠಪಾಠ. ಬೀಸುವಾಗ ಹಾಡಿದ್ದು, ತೊಟ್ಟಿಲು ತೂಗುವಾಗ ಹಾಡಿದ್ದು, ಎಲ್ಲ. ಇವತ್ತು ಜೋಗುಳ ಹಾಡಿದರು. ನಾಲ್ಕೈದು ಸ್ವರದ ಧಾಟಿ, ಮೂರು ಸಾಲು, ಮತ್ತೆ ಅದೇ. ಮೊಮ್ಮಗಳ ಉಸಿರು ನಿಧಾನವಾದ ಹಾಗೆ ಅಜ್ಜಿಯ ಹಾಡೂ ನಿಧಾನವಾಗುತ್ತಿತ್ತು. ಲಯ ತೋರಿಸುವ ಯಾವ ಮೆಟ್ರೋನೋಮ್ ಯಂತ್ರಕ್ಕೂ ಬಾರದ ವಿದ್ಯೆ. ಆ ಧಾಟಿಯನ್ನು ಸೊಸೆ ಕಲಿಯಬೇಕು ಅಂತ ಪಟ್ಟು ಹಿಡಿದು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆ. ಸೊಸೆಗೆ ಮೊದಲು ಸಂಕೋಚ. ಮೂರನೇ ಸಲಕ್ಕೆ ದನಿ ಕೂಡಿತು.

ತಾತ ಹೊರಡುವಾಗ ಹಿಡಿದು ನಿಲ್ಲಿಸಿದರು. "ಸರಳೆ ಯಾವಾಗ ಶುರು ಮಾಡ್ತೀರಮ್ಮ? ನಮ್ಮದು ರುದ್ರಪಟ್ಟಣ ಇರೋ ಜಿಲ್ಲೆ" ಅಂದರು. ಸರಳೆ ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ. ಅವರ ಹೆಮ್ಮೆ ನನ್ನದೂ ಹೌದು. 1920ರಲ್ಲಿ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ. ಕಾವೇರಿ ದಡದ ಆ ಊರಲ್ಲಿ ತಂಬೂರಿ ಆಕಾರದ ಮಂದಿರವೇ ಇದೆ. ಆದರೆ ಅಂಥ ಊರುಗಳಲ್ಲಿ ಮಕ್ಕಳು ಸರಳೆಗೆ ಕೂರುವ ಮೊದಲೇ ಮನೆಯಲ್ಲಿ, ಜಗುಲಿಯಲ್ಲಿ ಬೇಕಾದಷ್ಟು ಹಾಡು ಕೇಳಿರುತ್ತಾರೆ. ಆ ಕೇಳ್ಮೆಯನ್ನು ಬಿಟ್ಟು ಸರಳೆಯನ್ನು ಮಾತ್ರ ತಂದರೆ ಹೇಗೆ? ಪುರಂದರದಾಸರು ಹಾಕಿಕೊಟ್ಟರು ಅಂತ ನಾವು ನಂಬಿರುವ ಸರಳೆ ಇರುವುದು ಮಾಯಾಮಾಳವಗೌಳ ರಾಗದಲ್ಲಿ. ಸ ಪಕ್ಕದಲ್ಲೇ ರಿ, ಪ ಪಕ್ಕದಲ್ಲೇ ದ. ಆ ಸಣ್ಣ ಅಂತರ ಹಿಡಿಯುವುದಕ್ಕೆ ಕಿವಿ ಹದವಾಗಿರಬೇಕು. ಆರು ಏಳು ವರ್ಷ ಆಗಲಿ, ಆಗ ನಾನೇ ಕೂರಿಸಿ ಹೇಳಿಕೊಡುತ್ತೇನೆ ಅಂದೆ. ಪೂರ್ತಿ ಒಪ್ಪಲಿಲ್ಲ, ಆದರೆ ಮುಂದಿನ ವಾರವೂ ಬರುತ್ತೇನೆ ಅಂದರು.

ಸಂಜೆ ಬಡಾವಣೆಯ ಗಣಪತಿ ಸಮಿತಿಯವರು ಮನೆಗೆ ಬಂದಿದ್ದರು. ಈ ಸಲ ಹಬ್ಬ ಆಗಸ್ಟ್ 27ಕ್ಕೆ. ನಿಮ್ಮ ಮಕ್ಕಳಿಂದ ಒಂದೊಂದು ಹಾಡು ಹೇಳಿಸಿ, ಬಹುಮಾನ ಕೊಡುತ್ತೇವೆ ಅಂತ. ಒಳ್ಳೆಯ ಮನಸ್ಸಿನವರು, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲಾಗಲಿಲ್ಲ. ಆದರೆ ಮೂರು ವರ್ಷದ ಮಗುವನ್ನು ಮೈಕಿನ ಮುಂದೆ ಒಂಟಿಯಾಗಿ ನಿಲ್ಲಿಸುವುದಕ್ಕೆ ನಾನು ಒಪ್ಪುವುದಿಲ್ಲ. ಅಳುತ್ತ ಇಳಿದ ಮಗುವಿಗೆ "ನಂಗೆ ಹಾಡೋಕೆ ಬರಲ್ಲ" ಅನ್ನುವುದು ಅಲ್ಲೇ ಶುರುವಾಗುತ್ತದೆ.

ನಾಡಿದ್ದು ಅವರಿಗೆ ಹೀಗೆ ಹೇಳಬೇಕು. ಸ್ಟೇಜ್ ಬೇಡ, ಬಹುಮಾನ ಬೇಡ. ಪೆಂಡಾಲಿನಲ್ಲಿ ಅರ್ಧ ಗಂಟೆ ಕುರ್ಚಿ ತೆಗೆದು ಜಮಖಾನ ಹಾಸಿ ಕೊಡಿ. ಮಕ್ಕಳು ಅವರವರ ಮನೆಯವರ ಮಡಿಲಲ್ಲಿ ಕೂರುತ್ತಾರೆ. ನೋಡುವುದಕ್ಕೆ ಬಂದವರೂ ಸಮಿತಿಯವರೂ ನಮ್ಮ ಜೊತೆಗೇ ಕೂತು ಹಾಡಬೇಕು. ಮೈಕು ಒಂದೇ ಒಂದು ಬೇಕು, ಅದು ಕಂಡಕ್ಟರ್ ಕೈಗೆ. ಅವರಿಗೆ ಆ ದಿನ ಡ್ಯೂಟಿ ಇದೆಯೋ ಏನೋ, ಮೊದಲು ಫೋನ್ ಮಾಡಿ ಕೇಳಬೇಕು.