ಯಾಕೆ ಕೆಡವಲಿಲ್ಲ?

"ಅಷ್ಟು ಹಳೇ ಕಟ್ಟಡ, ಸಮುದ್ರದ ಎದುರಿಗೇ ಜಾಗ. ಅದನ್ನ ಯಾಕೆ ಕೆಡವಲಿಲ್ಲ?"

ಸೋಮವಾರ ಬಸವನಗುಡಿಯ ಮನೆಯಲ್ಲಿ ನನ್ನ ಫೋಟೋಗಳನ್ನು ನೋಡುತ್ತಾ ಸೋದರಮಾವ ಕೇಳಿದ ಪ್ರಶ್ನೆ ಇದು. ವಾರ ಕಳೆಯುತ್ತಾ ಬಂದರೂ ತಲೆಯಿಂದ ಹೋಗಿಲ್ಲ. ಅವರು ಕೊಂಕು ಆಡಿದ್ದಲ್ಲ. ಮಾವನಿಗೆ ಕೊಂಕು ಬರುವುದೇ ಇಲ್ಲ. ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು.

ಫೋಟೋದಲ್ಲಿದ್ದದ್ದು ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನ ಗ್ರ್ಯಾಂಡ್. 1903ರಲ್ಲಿ ಬಾಗಿಲು ತೆರೆದ ಹೋಟೆಲ್. ಈಗ ಅದರೊಳಗೆಲ್ಲ ಅಪಾರ್ಟ್‌ಮೆಂಟುಗಳು. ಕೆಲವರು ಅಲ್ಲೇ ವಾಸ ಇದ್ದಾರೆ. ಕೆಲವು ಮನೆಗಳನ್ನು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಲಂಡನ್ನಿನಲ್ಲಿರುವ ಮಗಳು ಅಂಥದ್ದೊಂದನ್ನು ನಮಗೆ ಬುಕ್ ಮಾಡಿದ್ದಳು. ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನಿಂದ ವೇಗದ ರೈಲಿನಲ್ಲಿ ಒಂದು ಗಂಟೆ ದಾರಿ, ಅಷ್ಟೇ.

ದಿಬ್ಬದ ಮೇಲೆ ಉದ್ದಕ್ಕೆ ಹುಲ್ಲುಹಾಸು, ಅದಕ್ಕೆ ಮುಖ ಮಾಡಿ ಕೆಂಪು ಇಟ್ಟಿಗೆಯ ಆ ದೊಡ್ಡ ಕಟ್ಟಡ. ಪಕ್ಕದಲ್ಲೇ ಅದಕ್ಕಿಂತ ಹಿರಿಯ ಮೆಟ್ರೊಪೋಲ್, 1897ರದ್ದು. ಅದರೊಳಗೂ ಈಗ ಮನೆಗಳೇ. ಕೆಳಗೆ ಇಂಗ್ಲಿಷ್ ಕಾಲುವೆ. ಮೋಡ ಇಲ್ಲದ ದಿನ ಆಚೆ ದಡದ ಫ್ರಾನ್ಸ್ ಕಾಣುತ್ತದೆ. ಮೊದಲ ಮಹಾಯುದ್ಧಕ್ಕೆ ಲಕ್ಷಾಂತರ ಸೈನಿಕರು ಹಡಗು ಹತ್ತಿದ ಬಂದರು ಇದೇ ಊರಿನದ್ದು. ಏಳನೇ ಎಡ್ವರ್ಡ್ ದೊರೆ ಗ್ರ್ಯಾಂಡಿಗೆ ಬಂದು ಕೂರುತ್ತಿದ್ದ, ಊರಿನವರು ಗಾಜಿನಾಚೆ ನಿಂತು ಇಣುಕಿ ನೋಡುತ್ತಿದ್ದರು ಅಂತ ಅಲ್ಲಿ ಕಥೆ ಹೇಳುತ್ತಾರೆ.

ಮನೆ ತುಂಬಾ ಚೆನ್ನಾಗಿತ್ತು. ತಿಳಿ ನೀಲಿ ಸೋಫಾ, ಒಳ್ಳೆ ಹಾಸಿಗೆ, ಇಂಡಕ್ಷನ್ ಒಲೆ. ಬೆಂಗಳೂರಿನಿಂದ ಒಯ್ದಿದ್ದ ಸಾರಿನ ಪುಡಿ ಹಾಕಿ ಬಿಸಿ ಸಾರು ಮಾಡಿದೆ. ಆದರೆ ನಾನು ಜಾಸ್ತಿ ಹೊತ್ತು ನೋಡುತ್ತಾ ಮಲಗಿದ್ದು ಚಾವಣಿಯನ್ನೇ. ಅದರ ಅಂಚಿಗೆ ಬಿಳಿ ಗಾರೆಯ ಹೂಬಳ್ಳಿ ಇತ್ತು. ಮೂರು ಗೋಡೆಗಳ ಉದ್ದಕ್ಕೂ ಹರಿದು ಬಂದು, ನಾಲ್ಕನೆಯದರ ಹತ್ತಿರ ಒಂದು ಹೂವಿನ ಅರ್ಧಕ್ಕೆ ನಿಂತುಬಿಡುತ್ತಿತ್ತು. ಆ ನಾಲ್ಕನೇ ಗೋಡೆ ಆಮೇಲೆ ಕಟ್ಟಿದ್ದು. ಹೋಟೆಲಿನ ದೊಡ್ಡ ಕೋಣೆಯನ್ನು ಎರಡು ಮನೆಗೆ ಹಂಚುವಾಗ ಅಡ್ಡ ಎಬ್ಬಿಸಿದ್ದು. ಹೂವಿನ ಉಳಿದರ್ಧ ಪಕ್ಕದ ಮನೆಯವರ ತಲೆಯ ಮೇಲಿದೆ. ಎಲ್ಲವನ್ನೂ ಕೆತ್ತಿ ಸಪಾಟು ಮಾಡಿ, ಫಾಲ್ಸ್ ಸೀಲಿಂಗ್ ಹೊಡೆದುಬಿಟ್ಟಿದ್ದರೆ ಕೆಲಸ ಎಷ್ಟು ಸಲೀಸಾಗುತ್ತಿತ್ತು! ಹಾಗೆ ಮಾಡದೆ ಗೋಡೆಯನ್ನು ಹೂವಿನ ಅಂಚಿಗೆ ಅಷ್ಟು ನಾಜೂಕಾಗಿ ತಂದು ಸೇರಿಸಿದ ಆ ಗಾರೆ ಕೆಲಸದವನ ಮೇಲೆ ನನಗೆ ಗೌರವ ಬಂತು.

"ಅದನ್ನ ಯಾಕೆ ಕೆಡವಲಿಲ್ಲ?"

ಅಲ್ಲಿ ಕಾನೂನು ಬಿಗಿ ಇದೆ ಅಂದೆ ಮಾವನಿಗೆ. ಉಳಿಸಬೇಕಾದ ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿರುವ ಕಟ್ಟಡವನ್ನು ಒಪ್ಪಿಗೆ ಇಲ್ಲದೆ ಕೆಡವಿದರೆ, ಅದರ ರೂಪ ಕೆಡಿಸಿದರೆ ಅಪರಾಧ. ಮಾವ ತಲೆಯಾಡಿಸಿದರು, ಆದರೆ ಅವರಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಬರೀ ಕಾನೂನು ಕಟ್ಟಡಕ್ಕೆ ಬಣ್ಣ ಬಳಿಯುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕ ಒಬ್ಬ ವಯಸ್ಸಾದ ಹೆಂಗಸಿನ ಮಾತು ಆಗ ನೆನಪಾಯಿತು. ಉಪ್ಪುಗಾಳಿಗೆ ಕಿಟಕಿಯ ಬಣ್ಣ ನಿಲ್ಲುವುದೇ ಇಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ರಿಪೇರಿ ಬಿಲ್ ಬಂದಾಗ ಎಲ್ಲರೂ ಹಂಚಿಕೊಳ್ಳುತ್ತೇವೆ ಅಂದಿದ್ದರು. ದುಬಾರಿ ಅಂತ ನಿಟ್ಟುಸಿರನ್ನೂ ಬಿಟ್ಟಿದ್ದರು. ಆ ಕಟ್ಟಡ ಉಳಿದಿರುವುದು ಅದರಲ್ಲಿ ಇಷ್ಟು ಜನರ ಅಡುಗೆಮನೆ, ಹಾಸಿಗೆ, ದುಡ್ಡು ಇರುವುದಕ್ಕೆ. ನಮ್ಮಂಥವರು ಕೊಡುವ ಬಾಡಿಗೆಯೂ ಅದರಲ್ಲಿ ಸೇರಿದೆ.

ಮಾವ ಬ್ಯಾಂಕಿನಲ್ಲಿದ್ದವರು. ಎಂ.ಜಿ. ರಸ್ತೆಯ ಶಾಖೆಯಲ್ಲಿದ್ದಾಗ ಸ್ನೇಹಿತರ ಜೊತೆ ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲಿಗೆ ಹೋಗುತ್ತಿದ್ದರು. ದೊಡ್ಡ ಮರಗಳ ಕೆಳಗೆ ಕೂತು ಕಾಫಿ. ಆ ಹೋಟೆಲ್ ಹೋಯಿತು, ಆ ಜಾಗದಲ್ಲಿ ಮಾಲ್ ಬಂತು. ಅವರ ಪ್ರಶ್ನೆಯ ಹಿಂದೆ ಅದೂ ಇತ್ತು ಅಂತ ನನಗೆ ಅನ್ನಿಸುತ್ತದೆ. ಹಳೇದು ಅಂದ್ರೆ ಕೆಡವುವುದು, ಉಳಿದರೆ ಅದಕ್ಕೊಂದು ಕಾರಣ ಹೇಳಬೇಕು. ನಮ್ಮ ಊರು ಅವರಿಗೆ ಕಲಿಸಿರುವುದೇ ಇದನ್ನ. ಹಾಗಂತ ಇಲ್ಲಿ ಏನೂ ಉಳಿದಿಲ್ಲ ಅಂತಲ್ಲ. 1868ರ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗ ಜನ ಕೋರ್ಟಿಗೆ ಹೋದರು. ಇವತ್ತು ಕಬ್ಬನ್ ಪಾರ್ಕಿನ ಪಕ್ಕ ಆ ಕೆಂಪು ಕಟ್ಟಡದಲ್ಲೇ ಹೈಕೋರ್ಟ್ ನಡೆಯುತ್ತಿದೆ. ಬ್ರಿಗೇಡ್ ರಸ್ತೆಯ ಅಪೆರಾ ಹೌಸ್ ಎಷ್ಟೋ ವರ್ಷ ಪಾಳು ಬಿದ್ದಿತ್ತು. 2018ರಲ್ಲಿ ಅದನ್ನು ರಿಪೇರಿ ಮಾಡಿ ಮೊಬೈಲ್ ಕಂಪನಿಯೊಂದು ಮಳಿಗೆ ತೆರೆಯಿತು. ಅಪೆರಾ ಹೌಸಿನಲ್ಲಿ ಮೊಬೈಲ್ ಅಂಗಡಿಯಾ ಅಂತ ಕೆಲವರು ಮೂಗು ಮುರಿದರು. ನನಗೆ ಅದು ಒಪ್ಪಿಗೆ. ಬಾಗಿಲು ತೆಗೆದು ದೀಪ ಹಚ್ಚುವವರು ಯಾರೋ ಇರಬೇಕಲ್ವಾ?

ಈಗ ಮನೆಯ ವಿಷಯ. ಮಾವ ಇರುವ ಮನೆ ಅವರ ಅಪ್ಪ ಕಟ್ಟಿಸಿದ್ದು. ಕೆಂಪು ಆಕ್ಸೈಡಿನ ನೆಲ, ತೇಗದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಕೂರಿಸಿದ ಮದ್ರಾಸ್ ತಾರಸಿ. ಮಾವನ ಮಗ ಅದನ್ನು ಬಿಲ್ಡರಿಗೆ ಕೊಡುವ ಮಾತಾಡುತ್ತಿದ್ದಾನೆ. ಅವನು ದುರಾಸೆಯವನಲ್ಲ. ಮಳೆಗಾಲದಲ್ಲಿ ಬಕೆಟ್ ಹಿಡಿದು ಓಡಾಡುವವನು ಅವನೇ. ತಾರಸಿ ಸೋರಿದರೆ ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ ಸುಸ್ತಾಗುವವನೂ ಅವನೇ. ಹೊರಗಿನಿಂದ ಬಂದು "ಅಯ್ಯೋ ಎಷ್ಟು ಚೆಂದ, ಕೆಡವಬೇಡಿ" ಅನ್ನುವ ನೆಂಟರನ್ನು ಕಂಡರೆ ಅವನಿಗೆ ಆಗುವುದಿಲ್ಲ. ಅವನ ಸಿಟ್ಟಿನಲ್ಲಿ ನ್ಯಾಯ ಇದೆ.

ಆದರೂ ಸೋಮವಾರ ಅವನು ಆ ಚಾವಣಿಯ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಅರ್ಧ ಹೂವು ಗೋಡೆಗೆ ತಾಗುವ ಜಾಗವನ್ನ. "ಹೀಗೆ ಗೋಡೆ ಎಬ್ಬಿಸಿದ್ರೆ ಹಳೇ ಚಾವಣಿ ಮೇಲೆ ಭಾರ ಬೀಳಲ್ವಾ?" ಅಂತ ಕೇಳಿದ. ಇಷ್ಟು ದಿನ ಅವನು ಕೇಳುತ್ತಿದ್ದದ್ದು ಚದರಡಿ ಎಷ್ಟು ಸಿಗುತ್ತೆ ಅಂತ ಮಾತ್ರ. ನಾನು ಉತ್ತರ ಹೇಳಲಾರೆ, ಎಂಜಿನಿಯರ್ ಹೇಳಬೇಕು. ಕೆಳಗೊಂದು, ಮೇಲೊಂದು ಮನೆ ಮಾಡಿ, ಹಿಂದಿನ ಎರಡು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಬಹುದಾ? ಬಂದ ದುಡ್ಡಿನಲ್ಲಿ ತಾರಸಿ ರಿಪೇರಿ ಆಗುತ್ತಾ? ಈ ಲೆಕ್ಕವನ್ನು ಯಾರೂ ಇದುವರೆಗೆ ಕಾಗದದ ಮೇಲೆ ಹಾಕಿಯೇ ಇಲ್ಲ. ಬಿಲ್ಡರ್ ಕೊಟ್ಟ ಲೆಕ್ಕ ಮಾತ್ರ ಮೇಜಿನ ಮೇಲಿದೆ.

ಭಾನುವಾರ ಎಲ್ಲರೂ ಸೇರುತ್ತಿದ್ದೇವೆ. ಸಹಿ ಹಾಕುವ ಮುಂಚೆ ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರ್ ಒಬ್ಬರು ಬಂದು ತೊಲೆಗಳನ್ನು ನೋಡಲಿ, ಅವರ ಫೀಸು ನಾನು ಕೊಡುತ್ತೇನೆ ಅಂತ ಹೇಳಲಿದ್ದೇನೆ. ಮಾವ ಆಗಲೇ ಒಪ್ಪಿದ್ದಾರೆ. ಅವರ ಮಗ ಇನ್ನೂ ಹ್ಞೂಂ ಅಂದಿಲ್ಲ.