ನಾಲ್ಕು ಝೋನ್ ಪ್ಯಾನೆಲ್‌ಗೆ ಇನ್ನೆರಡು ಝೋನ್ ಸೇರಿಸೋಕೆ ಹೋದಾಗ

ಹೋದ ತಿಂಗಳು ಒಂದು ಹಳೇ ಬಿಲ್ಡಿಂಗ್‌ನ ಫೈರ್ ಅಲಾರಂ ಕೆಲ್ಸಕ್ಕೆ ಹೋಗಿದ್ದೆ. ನಾಲ್ಕು ಝೋನಿನ (ಒಂದೇ ಲೈನಿಗೆ ಸೇರಿದ ಹೊಗೆ ಡಿಟೆಕ್ಟರ್‌ಗಳ ಗುಂಪೇ ಝೋನ್) ಕನ್ವೆನ್ಷನಲ್ ಪ್ಯಾನೆಲ್, ನಾಲ್ಕೂ ಭರ್ತಿ, ಈಗ ಹಿಂದುಗಡೆ ಎರಡು ಅಂತಸ್ತಿನ ಹೊಸ ಬ್ಲಾಕ್ ಎದ್ದಿದೆ. ಬಿಲ್ಡಿಂಗ್ ನೋಡ್ಕೊಳ್ಳೋರು ಕೇಳಿದ್ದು ಒಂದೇ ಮಾತು, "ನಾಲ್ಕನೇ ಝೋನಿಂದಾನೇ ಮುಂದಕ್ಕೆ ವೈರ್ ಎಳ್ದು ಹೊಸ ಡಿಟೆಕ್ಟರ್‌ಗಳ್ನ ಸೇರಿಸಿಬಿಡಿ, ಮಧ್ಯಾಹ್ನದೊಳಗೆ ಮುಗಿಯತ್ತಲ್ವಾ?"

ವೈರ್ ಎಳೆಯೋದು ಕಷ್ಟ ಏನಿಲ್ಲ. ಆದ್ರೆ ಈ ಥರ ಪ್ಯಾನೆಲ್‌ಗೆ ಯಾವ ಡಿಟೆಕ್ಟರ್ ಕೂಗ್ತಿದೆ ಅಂತ ಗೊತ್ತಾಗಲ್ಲ, ಯಾವ ಝೋನ್ ಅನ್ನೋದಷ್ಟೇ ಗೊತ್ತಾಗೋದು, ರಾತ್ರಿ ಎರಡು ಗಂಟೆಗೆ ನಾಲ್ಕನೇ ಕೆಂಪು ದೀಪ ಹತ್ತಿದ್ರೆ ಕಾವಲಿನವ್ರು ಹಳೇ ಬ್ಲಾಕಿನ ಮೇಲಿನ ಮಹಡಿಗೆ ಓಡ್ಬೇಕಾ ಹೊಸ ಬ್ಲಾಕಿಗೆ ಓಡ್ಬೇಕಾ? ಬ್ರಿಟಿಷ್ ಸ್ಟ್ಯಾಂಡರ್ಡ್ 5839ರಲ್ಲಿ ಒಂದು ಝೋನ್ 2000 ಚದರ ಮೀಟರ್ ದಾಟಬಾರ್ದು, ಝೋನ್ ಒಳಗೆ ಕಾಲಿಟ್ಟ ಮೇಲೆ ಬೆಂಕಿ ಕಣ್ಣಿಗೆ ಬೀಳೋಕೆ 60 ಮೀಟರ್‌ಗಿಂತ ಜಾಸ್ತಿ ಹುಡುಕೋ ಹಾಗಿರ್ಬಾರ್ದು, ಒಟ್ಟು 300 ಚದರ ಮೀಟರ್ ಮೀರಿದ ಬಿಲ್ಡಿಂಗ್ ಆದ್ರೆ ಮಹಡಿಗೊಂದು ಝೋನ್ ಇರ್ಬೇಕು ಅಂತೆಲ್ಲ ಇದೆ. ಆ 60 ಮೀಟರನ್ನ ಒಂದ್ಸಲ ಟಾರ್ಚ್ ಹಿಡ್ಕೊಂಡು, ಒಂದೊಂದೇ ಬಾಗಿಲು ತೆಗೀತಾ ನಡೆದು ನೋಡಿ, ಹೊಗೆ ಇಲ್ದೇ ಇದ್ರೂ ಎಷ್ಟು ದೂರ ಅನ್ಸತ್ತೆ.

ಅವ್ರನ್ನೇ ಪ್ಯಾನೆಲ್ ಮುಂದೆ ನಿಲ್ಲಿಸ್ಕೊಂಡು ಇದ್ನೇ ಹೇಳ್ದೆ, ಒಪ್ಪಿದ್ರು. ಎರಡನೇ ಪ್ಯಾನೆಲ್ ಹಾಕಿ ಅದರ ಫೈರ್ ರಿಲೇನ (ಅಲಾರಂ ಬಂದಾಗ ತಾನೇ ಹತ್ತೋ ಸ್ವಿಚ್) ಇದರ ಒಂದು ಝೋನಿಗೆ ಕೊಡೋದೂ ಒಂದು ದಾರಿ, ಆದ್ರೆ ಇಲ್ಲಿ ಖಾಲಿ ಝೋನೇ ಇರ್ಲಿಲ್ಲ, ಇದ್ದಿದ್ರೂ ಮೇನ್ ಪ್ಯಾನೆಲ್ ನೋಡಿ ಆಮೇಲೆ ಇನ್ನೊಂದನ್ನ ನೋಡೋಕೆ ಓಡ್ಬೇಕು. ಅದೃಷ್ಟಕ್ಕೆ ಈ ಪ್ಯಾನೆಲ್‌ನಲ್ಲಿ ನಾಲ್ಕು ಝೋನಿನ ಎಕ್ಸ್‌ಪ್ಯಾನ್ಷನ್ ಕಾರ್ಡ್ ಕೂರೋಕೆ ಜಾಗ ಇತ್ತು. ಎಲ್ಲಾ ಪ್ಯಾನೆಲ್‌ನಲ್ಲೂ ಇರಲ್ಲ, ಮ್ಯಾನ್ಯುಯಲ್ ನೋಡ್ದೇ ಯಾರಿಗೂ ಮಾತು ಕೊಡ್ಬೇಡಿ.

ಕಾರ್ಡ್ ಮುಟ್ಟೋ ಮುಂಚೆ ಹಳೇ ಝೋನ್‌ಗಳು ಹೇಗಿವೆ ಅಂತ ನೋಡ್ಕೊಳ್ಳೋದು ನನ್ನ ಅಭ್ಯಾಸ. ಡಿಟೆಕ್ಟರ್ ತಲೆ ಒಂದೊಂದೇ ತಿರುಗಿಸಿ ಬಿಚ್ತೀನಿ, ಬಿಚ್ಚಿದ ತಕ್ಷಣ ಅದು ಕೂತಿದ್ದ ಬೇಸಲ್ಲಿ ಲೈನ್ ಕಟ್ಟಾಗಿ, ಲೈನ್ ಪೂರ್ತಿ ಇದೆ ಅಂತ ತೋರಿಸೋಕೆ ಕೊನೇಲಿ ಹಾಕಿರೋ ಎಂಡ್ ಆಫ್ ಲೈನ್ ರೆಸಿಸ್ಟರ್ ಪ್ಯಾನೆಲ್‌ಗೆ ಕಾಣ್ದೆ ಹೋಗಿ ಹಳದಿ ಫಾಲ್ಟ್ ದೀಪ ಬರ್ಬೇಕು. ಮೂರನೇ ಝೋನಲ್ಲಿ 17 ಡಿಟೆಕ್ಟರ್. 14ಕ್ಕೆ ಫಾಲ್ಟ್ ಬಂತು. ಕೊನೇ ಕಾರಿಡಾರಿನ ಮೂರಕ್ಕೆ ಏನೂ ಬರ್ಲಿಲ್ಲ, ತಲೆ ನನ್ನ ಕೈಯಲ್ಲಿದೆ, ಕೆಳಗೆ ಪ್ಯಾನೆಲ್ ಹಸಿರು ತೋರಿಸ್ಕೊಂಡು ಕೂತಿದೆ!

ಮೈ ಜುಂ ಅಂತು. ಫಾಲ್ಸ್ ಸೀಲಿಂಗ್ ಟೈಲ್ ಎತ್ತಿ ನೋಡಿದ್ರೆ ಜಂಕ್ಷನ್ ಬಾಕ್ಸ್ ಒಳಗೆ ಬಂದಿದ್ದ ಜೋಡಿ, ಹೋಗೋ ಜೋಡಿ, ಅವೆರಡರ ಜೊತೆ ತಿರುಚಿ ಟೇಪ್ ಸುತ್ತಿದ ಮೂರನೇ ಜೋಡಿ. ಯಾವಾಗ್ಲೋ ಯಾರೋ ಕವಲು ತೆಗೆದು ಮೂರು ಡಿಟೆಕ್ಟರ್ ನೇತುಹಾಕಿದ್ರು. ಕವಲಿನ ವೈರ್ ತುಂಡಾದ್ರೂ ರೆಸಿಸ್ಟರ್ ಮೇನ್ ಲೈನ್ ತುದೀಲಿ ಹಾಗೇ ಇರತ್ತೆ, ಪ್ಯಾನೆಲ್‌ಗೆ ಎಲ್ಲಾ ಸರಿ ಇದ್ದ ಹಾಗೇ. ಆ ಮೂರು ರೂಮಲ್ಲಿ ಜನ ಇದಾರೆ, ಅವ್ರಿಗೆ ಮೇಲೆ ಡಿಟೆಕ್ಟರ್ ಕಾಣ್ಸತ್ತೆ, ಅದ್ನ ನಂಬ್ಕೊಂಡಿರ್ತಾರೆ. ನನಗೆ ಸಿಟ್ಟು ಬಂದಿದ್ದು ಅಲ್ಲೇ. ಹೊಸ ಬ್ಲಾಕ್ ಬದಿಗಿಟ್ಟು ಮೊದ್ಲು ಇದಕ್ಕೇ ಕೂತೆ, ಒಂದು ಜೋಡಿ ಹೋಗೋಕೆ ಒಂದು ಜೋಡಿ ವಾಪಸ್ ಬರೋಕೆ ಎಳ್ದು ಮೇನ್ ಲೈನೇ ಆ ಮೂರರ ಮೂಲಕ ಹಾದುಹೋಗೋ ಹಾಗೆ ಮಾಡ್ದೆ. ಅರ್ಧ ದಿನ ಹೋಯ್ತು.

ಮಾರನೇ ದಿನ ಪವರ್ ತೆಗ್ದು ಕಾರ್ಡ್ ಹಾಕಿದೆ. ಅದರ ನಾಲ್ಕು ಟರ್ಮಿನಲ್‌ಗೂ ಒಂದೊಂದು ರೆಸಿಸ್ಟರ್ ಸಿಕ್ಕಿಸೇ ಬಂದಿರತ್ತೆ, ಹಳದಿ ನೇರಳೆ ಕೆಂಪು ಪಟ್ಟಿ, ಅಂದ್ರೆ 4.7 ಕಿಲೋ ಓಮ್. ಬಳಸದ ಏಳು ಎಂಟನೇ ಝೋನಿಗೆ ಅಲ್ಲೇ ಬಿಟ್ಟೆ, ಐದು ಆರರದ್ದನ್ನ ಬಿಚ್ಕೊಂಡು ಹೋಗಿ ಹೊಸ ಬ್ಲಾಕಿನ ಕಟ್ಟಕಡೇ ಬೇಸ್‌ನಲ್ಲಿ ಹಾಕಿದೆ. ಇದನ್ನ ಪ್ಯಾನೆಲ್‌ನಲ್ಲೇ ಬಿಟ್ಟು ವೈರ್ ಜೋಡಿಸಿ ಹೋಗಿರೋದನ್ನ ತುಂಬಾ ಕಡೆ ನೋಡಿದೀನಿ, ಆವಾಗ ಇಡೀ ಲೈನ್ ಕಿತ್ತು ಹೋದ್ರೂ ಫಾಲ್ಟ್ ಬರಲ್ಲ. ಎರಡೂ ಕಡೆ ಇದ್ರೆ ಮೀಟರಲ್ಲಿ 2.35 ತೋರಿಸತ್ತೆ, ಅದೂ ತಪ್ಪೇ.

ಇನ್ನು ಬ್ಯಾಟರಿ. ಜನ ಮರೆಯೋದು ಇದನ್ನೇ. ಹೊಸ ಡಿಟೆಕ್ಟರ್, ಕಾರ್ಡ್ ಎಲ್ಲಾ ಸೇರಿ ಸುಮ್ನೆ ಇದ್ದಾಗಿನ ಕರೆಂಟ್ 0.2 ಆಂಪಿಯರ್, ಹೊಸ ಸೌಂಡರ್ (ಕೂಗೋ ಸೈರನ್) ಸೇರಿಸ್ಕೊಂಡು ಅಲಾರಂ ಹೊಡೆಯುವಾಗ 2.2. ಮೇನ್ ಪವರ್ ಹೋದ್ಮೇಲೆ ಇಪ್ಪತ್ನಾಲ್ಕು ಗಂಟೆ ಕಾಯ್ಬೇಕು, ಆಮೇಲೂ ಅರ್ಧ ಗಂಟೆ ಕೂಗ್ಬೇಕು ಅಂತ ಇಟ್ಕೊಂಡ್ರೆ 4.8 ಪ್ಲಸ್ 1.1, ಒಟ್ಟು 5.9, ಬ್ಯಾಟರಿ ಹಳತಾಗೋದಕ್ಕೆ 1.25ರಿಂದ ಗುಣಿಸಿದ್ರೆ 7.4 ಹತ್ರ. ಒಳಗಿದ್ದಿದ್ದು 7 ಆಂಪಿಯರ್ ಅವರ್‌ದು. ಚಾರ್ಜರ್ ತಡ್ಕೊಳತ್ತಾ ಅಂತ ನೋಡ್ಕೊಂಡು 12 ಆಂಪಿಯರ್ ಅವರ್‌ನ ಜೋಡಿ ಹಾಕಿಸ್ದೆ, ಎರಡು 12 ವೋಲ್ಟ್ ಸೀರೀಸಲ್ಲಿ.

ಟೆಸ್ಟಿಂಗ್‌ಗೆ ಅವ್ರು ಪ್ಯಾನೆಲ್ ಮುಂದೆ ಫೋನ್ ಹಿಡ್ಕೊಂಡು ನಿಂತ್ರು, ನಾನು ಕೋಲಿನ ತುದೀಲಿ ಟೆಸ್ಟ್ ಸ್ಮೋಕ್ ಹಿಡ್ಕೊಂಡು ಹೊಸದು ಹಳೇದು ಅಂತ ನೋಡ್ದೆ ಎಲ್ಲಾ ಡಿಟೆಕ್ಟರ್‌ಗೂ ಕೊಟ್ಟೆ, ಕೈಯಲ್ಲಿ ಒತ್ತಿ ಅಲಾರಂ ಕೊಡೋ ಕಾಲ್ ಪಾಯಿಂಟ್‌ಗಳ್ನೂ ಬಿಡ್ಲಿಲ್ಲ. "ಐದು... ಐದು... ಈಗ ಆರು" ಅಂತ ಹೇಳ್ತಾ ಇದ್ರು. ಪ್ಯಾನೆಲ್ ಪಕ್ಕದ ಝೋನ್ ನಕ್ಷೇಲಿ ಹೊಸ ಬ್ಲಾಕಿನ ಎರಡೂ ಮಹಡಿ ಅವ್ರ ಕೈಯಲ್ಲೇ ಬರೆಸ್ದೆ, ಕಾವಲಿನವ್ರು ಬಂದು ಓದಿ ನೋಡಿದ್ರು. ಹೊರಡೋ ಮುಂಚೆ ಆ ಕಾರಿಡಾರಿಗೆ ಇನ್ನೊಂದ್ಸಲ ಹೋಗಿ ಕೊನೇ ರೂಮಿನ ಡಿಟೆಕ್ಟರ್ ತಲೆ ಬಿಚ್ಚಿದೆ. ಕೆಳಗಿಂದ ಬಜರ್ ಶುರುವಾಯ್ತು, ಫೋನಲ್ಲಿ "ಮೂರಕ್ಕೆ ಹಳದಿ ಬಂತು" ಅಂದ್ರು.